ಕರಪತ್ರ ಹಂಚಿ ಧರ್ಮ ಪ್ರಚಾರ ಮಾಡಿದರೆ ಕೇಸು ನಿಲ್ಲುತ್ತದೆಯೇ?

ನಿಮ್ಮೂರ ಜಾತ್ರೆಯಲ್ಲಿ ಬೇರೆ ಧರ್ಮದವರು ಕರಪತ್ರ ಹಂಚುತ್ತಿದ್ದರು, ಇದು ಅಪರಾಧವೋ ವಾಕ್ ಸ್ವಾತಂತ್ರ್ಯವೋ ಎಂದು ಕೇಳಿದ್ದೀರಿ. ಹಂಚಿದ್ದು, ವಿವರಿಸಿದ್ದು ಇಷ್ಟೇ ಆಗಿದ್ದರೆ ಅಪರಾಧವಲ್ಲ. ನೀವು ದೂರು ಕೊಟ್ಟರೆ ಎಫ್‌ಐಆರ್ ಆಗಲೂಬಹುದು. ಅದು ಕೋರ್ಟಿನಲ್ಲಿ ಉಳಿಯುತ್ತದೆಯೇ ಎನ್ನುವುದು ಬೇರೆ ಮಾತು. ವಕೀಲಿ ಮಾಡುವವನಾಗಿ ಹೇಳುತ್ತಿದ್ದೇನೆ.

ಹೆಚ್ಚುಕಡಿಮೆ ನಿಮ್ಮಂಥದ್ದೇ ಪ್ರಕರಣ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ 2025ರಲ್ಲಿ ನಡೆಯಿತು. ರಾಮತೀರ್ಥ ದೇವಸ್ಥಾನದ ಬಳಿ ಮೂವರು ಇಸ್ಲಾಂ ಕುರಿತ ಕರಪತ್ರ ಹಂಚುತ್ತಿದ್ದರು ಎಂದು ದೂರು. ಹಿಂದೂ ಧರ್ಮವನ್ನು ಹೀಗಳೆದರು, ದುಬೈಯಲ್ಲಿ ಕೆಲಸದ ಆಸೆ ತೋರಿಸಿದರು ಎಂದೂ ಅದರಲ್ಲಿತ್ತು. ರಾಜ್ಯದ 2022ರ ಮತಾಂತರ ನಿಷೇಧ ಕಾಯ್ದೆಯಡಿ ಕೇಸು ಬಿತ್ತು. (ಈ ಕಾಯ್ದೆಯನ್ನು ರದ್ದು ಮಾಡುತ್ತೇವೆ ಎಂದು ಸಂಪುಟ 2023ರ ಜೂನ್‌ನಲ್ಲೇ ತೀರ್ಮಾನಿಸಿತ್ತು. ಆದರೂ ಎರಡು ವರ್ಷದ ನಂತರ ಅದೇ ಕಾಯ್ದೆಯಡಿ ಕೇಸು!) ಹೈಕೋರ್ಟ್ ಎಫ್‌ಐಆರ್ ರದ್ದು ಮಾಡಿತು. ಯಾರನ್ನಾದರೂ ಮತಾಂತರ ಮಾಡಿದರು ಅಥವಾ ಮಾಡಲು ಯತ್ನಿಸಿದರು ಎಂಬ ಆರೋಪವೇ ದೂರಿನಲ್ಲಿರಲಿಲ್ಲ. ಇನ್ನೊಂದು ಕಾರಣ, ದೂರು ಕೊಟ್ಟವರಿಗೆ ಆ ಅರ್ಹತೆಯೇ ಇರಲಿಲ್ಲ. ಕಾಯ್ದೆಯ 4ನೇ ಕಲಮಿನ ಪ್ರಕಾರ ಮತಾಂತರಗೊಂಡವರು, ಅವರ ಹೆತ್ತವರು, ಒಡಹುಟ್ಟಿದವರು, ಬಂಧುಗಳು, ಒಡನಾಡಿಗಳು ಅಥವಾ ಸಹೋದ್ಯೋಗಿಗಳು ದೂರಬಹುದು. ದಾರಿಹೋಕರು ದೂರುವಂತಿಲ್ಲ. ನಿಮ್ಮ ದೂರಿಗೂ ಮೊದಲ ಪೆಟ್ಟು ಬೀಳುವುದು ಇಲ್ಲೇ.

ಸಂವಿಧಾನದ 25ನೇ ವಿಧಿ ಧರ್ಮವನ್ನು ಪಾಲಿಸುವ ಹಕ್ಕಿನ ಜೊತೆಗೆ ಪ್ರಚಾರದ ಹಕ್ಕನ್ನೂ ಕೊಟ್ಟಿದೆ. ಹಾಗಾದರೆ ಮತಾಂತರ ಮಾಡುವುದೂ ಹಕ್ಕಲ್ಲವೇ? ಒಡಿಶಾ ಮತ್ತು ಮಧ್ಯಪ್ರದೇಶದ ಕಾಯ್ದೆಗಳನ್ನು ಪ್ರಶ್ನಿಸಿದ ಸ್ಟೇನಿಸ್ಲಾಸ್ ಪ್ರಕರಣದಲ್ಲಿ 1977ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇಲ್ಲ ಎಂದಿತು. ನಿಮ್ಮ ಧರ್ಮದ ತತ್ವಗಳನ್ನು ನಾಲ್ಕು ಜನಕ್ಕೆ ವಿವರಿಸಿ ಹೇಳಬಹುದು, ಇನ್ನೊಬ್ಬರನ್ನು ನಿಮ್ಮ ಧರ್ಮಕ್ಕೆ ತರುವುದು ನಿಮ್ಮ ಮೂಲಭೂತ ಹಕ್ಕಲ್ಲ, ಏಕೆಂದರೆ ಆತ್ಮಸಾಕ್ಷಿಯ ಸ್ವಾತಂತ್ರ್ಯ ಎಲ್ಲರಿಗೂ ಇದೆ ಎಂಬುದು ಮುಖ್ಯ ನ್ಯಾಯಮೂರ್ತಿ ಎ.ಎನ್. ರೇ ಬರೆದ ತೀರ್ಪಿನ ಸಾರ. ನನಗೆ ಈ ತೀರ್ಪು ಪೂರ್ತಿ ಒಪ್ಪಿಗೆಯಿಲ್ಲ. ಕೇಳಿದವನು ಮನಸಾರೆ ಒಪ್ಪಿ ಬದಲಾದರೆ ಅದೂ ಅವನ ಆತ್ಮಸಾಕ್ಷಿಯೇ ತಾನೆ? ಸಂವಿಧಾನ ತಜ್ಞ ಎಚ್.ಎಂ. ಸೀರ್ವಾಯಿ ಕೂಡ ಇದನ್ನು ಕಟುವಾಗಿ ಟೀಕಿಸಿದ್ದರು. ಆದರೆ ಇವತ್ತಿಗೂ ಕೆಳಗಿನ ಕೋರ್ಟುಗಳನ್ನು ಕಟ್ಟಿಹಾಕುವುದು ಇದೇ ತೀರ್ಪು.

ಮಾತಿನ ಸ್ವಾತಂತ್ರ್ಯವೂ ಧರ್ಮದ ಸ್ವಾತಂತ್ರ್ಯವೂ ಒಂದೇ ಕಡೆ ಕೂಡಿದ್ದನ್ನು ನೋಡಬೇಕೆಂದರೆ ಕೇರಳದ ಬಿಜೋ ಇಮ್ಯಾನುಯೆಲ್ ಪ್ರಕರಣ ಓದಿ. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥಕ್ಕೆ ಸೇರಿದ ಮೂವರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ತಮ್ಮ ನಂಬಿಕೆ ಒಪ್ಪದ್ದರಿಂದ ಹಾಡುತ್ತಿರಲಿಲ್ಲ. 1985ರ ಜುಲೈನಲ್ಲಿ ಶಾಲೆಯಿಂದ ಹೊರಹಾಕಿದರು. ಕೇರಳ ಹೈಕೋರ್ಟಿನಲ್ಲಿ ಸೋತರು. ಮರುವರ್ಷ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರ ಪೀಠ ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಿ ಎಂದು ಆದೇಶಿಸಿತು. ಮಾತಾಡುವ ಹಕ್ಕಿನಲ್ಲಿ ಸುಮ್ಮನಿರುವ ಹಕ್ಕೂ ಸೇರಿದೆ; ಅದನ್ನು ಕಿತ್ತುಕೊಳ್ಳಲು ಶಾಸನ ಬೇಕು, ಇಲಾಖೆಯ ಸುತ್ತೋಲೆ ಸಾಲದು ಎಂಬುದು ಕೋರ್ಟಿನ ನಿಲುವು. ಎರಡನೆಯ ಅಂಶವನ್ನು ಜನ ಮರೆಯುತ್ತಾರೆ, ನನಗೆ ಅದೇ ದೊಡ್ಡದು.

ಹಾಗಂತ ಪ್ರಚಾರಕರು ಏನು ಬೇಕಾದರೂ ಹೇಳಬಹುದು ಅಂತಲ್ಲ. ಧಾರ್ಮಿಕ ಭಾವನೆ ಕೆರಳಿಸಲೆಂದೇ ದುರುದ್ದೇಶದಿಂದ ನಿಂದಿಸಿದರೆ ಹಳೆಯ ದಂಡ ಸಂಹಿತೆಯ 295ಎ, ಈಗಿನ ನ್ಯಾಯ ಸಂಹಿತೆಯ 299ನೇ ಕಲಮು ಇದೆ. 295ಎ ಅನ್ನು ಸುಪ್ರೀಂ ಕೋರ್ಟ್ 1957ರಲ್ಲೇ ಎತ್ತಿಹಿಡಿದಿದೆ. ಆಡಿದ ಮಾತು ನಿಮಗೆ ನೋವು ಮಾಡಿತು ಎನ್ನುವುದಷ್ಟೇ ಸಾಲದು, ಆಡಿದವರ ಉದ್ದೇಶವೂ ಕಾಣಬೇಕು. ಧ್ವನಿವರ್ಧಕದ ಗದ್ದಲಕ್ಕೆ ಧರ್ಮದ ರಕ್ಷಣೆ ಇಲ್ಲ ಎಂದು ಚೆನ್ನೈನ ಒಂದು ಚರ್ಚಿನ ಪ್ರಕರಣದಲ್ಲಿ 2000ದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇದು ಎಲ್ಲ ಧರ್ಮಕ್ಕೂ ಅನ್ವಯ.

ನಿಮ್ಮ ಜಾತ್ರೆಯಲ್ಲಿ ನಿಜಕ್ಕೂ ಹಣದ, ಕೆಲಸದ ಆಮಿಷ ಒಡ್ಡಿದ್ದರೆ, ಯಾರು, ಯಾರಿಗೆ, ಏನು ಕೊಡುತ್ತೇನೆ ಎಂದರು ಎಂಬುದನ್ನು ಬರೆಯಿರಿ. ಆ ಆಮಿಷಕ್ಕೆ ಗುರಿಯಾದವರು ಅಥವಾ ಅವರ ಮನೆಯವರೇ ಠಾಣೆಗೆ ಬರಲಿ. "ಕೆಲವರು ಮತಾಂತರ ಮಾಡುತ್ತಿದ್ದಾರೆ" ಎಂಬ ಒಂದು ಸಾಲಿನ ದೂರನ್ನು ಹಿಡಿದುಕೊಂಡು ಬಂದರೆ ನಾನಂತೂ ನಿಮ್ಮ ಕೇಸು ತೆಗೆದುಕೊಳ್ಳುವುದಿಲ್ಲ.