ಓದುಗರ ಪ್ರಶ್ನೆ: ಬ್ಯಾಟರಿಯ ಒಂದೇ ಬೋಲ್ಟಿಗೆ ಎಷ್ಟು ತಂತಿ?

ಪ್ರಶ್ನೆ: ನಾನು ಮೂಡಿಗೆರೆ ಸಮೀಪದವನು. ಕೆಲಸದ ನಿಮಿತ್ತ ವಾರಕ್ಕೆ ಎರಡು ಸಲವಾದರೂ ಚಾರ್ಮಾಡಿ ಘಾಟಿ ಇಳಿದು ಉಜಿರೆಯ ಕಡೆಗೆ ಬೈಕಿನಲ್ಲಿ ಹೋಗಿಬರುತ್ತೇನೆ. ಮಂಜಿಗೆಂದು 20 ವ್ಯಾಟಿನ ಎರಡು ಎಲ್‌ಇಡಿ ಫಾಗ್ ಲ್ಯಾಂಪ್, ಒಂದು ಮೊಬೈಲ್ ಚಾರ್ಜರ್, ಜೋಡಿ ಹಾರ್ನ್ ಮತ್ತು ಕಳ್ಳರ ಭಯಕ್ಕೆ ಒಂದು ಜಿಪಿಎಸ್ ಟ್ರ್ಯಾಕರ್ ಹಾಕಿಸಿದ್ದೇನೆ. ಮೆಕ್ಯಾನಿಕ್ ಎಲ್ಲವನ್ನೂ ನೇರವಾಗಿ ಬ್ಯಾಟರಿಗೇ ಜೋಡಿಸಿದ್ದಾರೆ. ಆರು ಫ್ಯೂಸುಗಳಿರುವ ಬ್ಲಾಕ್ ಒಂದನ್ನು ಹಾಕಿಸಬೇಕೆಂದು ಗೆಳೆಯರೊಬ್ಬರು ಹೇಳುತ್ತಿದ್ದಾರೆ. ನಾಲ್ಕು ಉಪಕರಣಗಳಿಗೆ ಅಷ್ಟೊಂದು ಏರ್ಪಾಡು ಅಗತ್ಯವೇ? ಅಗತ್ಯವಾದರೆ ಹೇಗೆ ಜೋಡಿಸಬೇಕು?

ಉತ್ತರ: ಅಗತ್ಯವಿದೆ; ಆದರೆ ಬ್ಲಾಕ್ ತಂದು ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕಳೆದ ಮಳೆಗಾಲದಲ್ಲಿ ಪರಿಚಿತರೊಬ್ಬರ ಬೈಕಿನ ಸೀಟು ತೆಗೆದು ನೋಡಿದಾಗ ಬ್ಯಾಟರಿಯ ಪ್ಲಸ್ ಬೋಲ್ಟಿನ ಮೇಲೆ ಆರು ಲಗ್ಗುಗಳು (ತಂತಿಯ ತುದಿಗೆ ಹಾಕುವ ಲೋಹದ ಬಳೆಗಳು) ತೇರಿಗೆ ಕಟ್ಟಿದ ಹಗ್ಗಗಳಂತೆ ಒಂದರ ಮೇಲೊಂದು ಕುಳಿತಿದ್ದವು. ಅಷ್ಟು ದಪ್ಪದ ಅಟ್ಟಿಗೆ ಬೋಲ್ಟಿನ ಉದ್ದವೇ ಸಾಲದೆ, ಅದು ಒಂದೆರಡು ಸುತ್ತು ಮಾತ್ರ ನಟ್ಟನ್ನು ಕಚ್ಚಿತ್ತು. ಜೋಡಣೆಗಳ ಮೇಲೆ ಸುತ್ತಿದ್ದ ಇನ್ಸುಲೇಷನ್ ಟೇಪು ಅಂಟಂಟಾಗಿ ಕಳಚಿಕೊಂಡು, ಒಳಗಿನ ತಾಮ್ರದ ಎಳೆಗಳಿಗೆ ಹಸಿರು ಕಿಲುಬು ಹತ್ತಿತ್ತು. ಆ ಆರರಲ್ಲಿ ಫ್ಯೂಸ್ ಇದ್ದದ್ದು ಎರಡಕ್ಕೆ ಮಾತ್ರ, ಅದೂ ಫ್ಯೂಸ್ ಕೂತಿದ್ದದ್ದು ಉಪಕರಣದ ಪಕ್ಕದಲ್ಲಿ, ಅಂದರೆ ಹೆಡ್‌ಲೈಟಿನ ಹತ್ತಿರ. ಬ್ಯಾಟರಿಯಿಂದ ಅಲ್ಲಿಯವರೆಗಿನ ಒಂದೂವರೆ ಮೀಟರ್ ತಂತಿಗೆ ಯಾವ ರಕ್ಷಣೆಯೂ ಇರಲಿಲ್ಲ.

ಫ್ಯೂಸ್ ಇರುವುದು ಉಪಕರಣವನ್ನು ಉಳಿಸುವುದಕ್ಕೆ ಎಂಬ ಕಲ್ಪನೆಯೇ ಈ ತಪ್ಪಿಗೆ ಮೂಲ. ಫ್ಯೂಸ್ ಕಾಯುವುದು ತಂತಿಯನ್ನು. ತಂತಿಯ ಹೊದಿಕೆ ಎಲ್ಲೋ ಸವೆದು ಒಳಗಿನ ತಾಮ್ರ ಚಾಸಿಗೆ ತಗುಲಿದರೆ, ಬ್ಯಾಟರಿ ತನ್ನಲ್ಲಿರುವ ಅಷ್ಟೂ ಕರೆಂಟನ್ನು ಆ ತಂತಿಯ ಮೂಲಕ ಹರಿಸುತ್ತದೆ; ತಂತಿ ಕೆಂಪಗೆ ಕಾಯ್ದು ಪಕ್ಕದ ತಂತಿಗಳ ಹೊದಿಕೆಯನ್ನೂ ಕರಗಿಸುತ್ತದೆ. ಆದ್ದರಿಂದ ಮುಖ್ಯ ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನ ಒಳಗೇ ಇರಬೇಕು. ಬ್ಲಾಕಿನೊಳಗಿನ ಸಣ್ಣ ಫ್ಯೂಸುಗಳು ಅಲ್ಲಿಂದ ಮುಂದಕ್ಕೆ ಹೋಗುವ ತಂತಿಗಳನ್ನು ಮಾತ್ರ ಕಾಯುತ್ತವೆ. ಬ್ಯಾಟರಿಗೂ ಬ್ಲಾಕಿಗೂ ನಡುವಿನ ತಂತಿಯನ್ನು ಅವು ಕಾಯಲಾರವು. ಅಂಗಡಿಯವರು ಬ್ಲಾಕ್ ಮಾರುವಾಗ ಈ ಮಾತನ್ನು ಹೇಳುವುದು ಕಡಿಮೆ.

ಈಗ ನಿಮ್ಮ ಲೆಕ್ಕ. ವ್ಯಾಟನ್ನು 12ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಎರಡು ಲ್ಯಾಂಪುಗಳು ಸೇರಿ 40 ವ್ಯಾಟ್, ಅಂದರೆ 3.3 ಆಂಪಿಯರ್, ಅದಕ್ಕೆ 5 ಆಂಪಿಯರಿನ ಫ್ಯೂಸ್ ಸರಿ. ಮೊಬೈಲ್ ಚಾರ್ಜರ್ ವೇಗದ್ದಾದರೂ 20 ವ್ಯಾಟಿನ ಆಸುಪಾಸು, ಅದಕ್ಕೆ 3 ಆಂಪಿಯರ್ ಸಾಕು. ಜೋಡಿ ಹಾರ್ನ್ ಒತ್ತಿದ ಕ್ಷಣಕ್ಕೆ 8ರಿಂದ 10 ಆಂಪಿಯರ್ ಎಳೆಯಬಹುದಾದ್ದರಿಂದ ಅದಕ್ಕೆ 15 ಬೇಕು. ಬ್ಲೇಡ್ ಫ್ಯೂಸುಗಳಿಗೆ ಬಣ್ಣದ ಗುರುತು ಇರುತ್ತದೆ: 3 ನೇರಳೆ, 5 ತಿಳಿ ಕಂದು, 7.5 ಕಂದು, 10 ಕೆಂಪು, 15 ನೀಲಿ, 20 ಹಳದಿ. ಮುಖ್ಯ ಫ್ಯೂಸಾಗಿ 20 ಹಾಕಿ, ಬ್ಯಾಟರಿಯಿಂದ ಬ್ಲಾಕಿನವರೆಗೆ 2.5 ಚದರ ಮಿಲಿಮೀಟರಿನ ತಂತಿಯನ್ನು ಎಳೆಯಿಸಿ. ಹಾರ್ನಿಗೆ 1.5, ಉಳಿದವಕ್ಕೆ 1 ಚದರ ಮಿಲಿಮೀಟರ್ ಸಾಕಾಗುತ್ತದೆ. ಮನೆಯ ವೈರಿಂಗಿನ ಗಟ್ಟಿ ತಂತಿ ಬೇಡ; ಬೈಕಿನ ನಡುಕಕ್ಕೆ ಸಣ್ಣ ಎಳೆಗಳ ಆಟೋ ವೈರೇ ಆಗಬೇಕು.

ತಂತಿಯ ದಪ್ಪದ ವಿಷಯದಲ್ಲಿ ಜಿಪುಣತನ ಮಾಡುವವರಿಗಾಗಿ ಇನ್ನೊಂದು ಲೆಕ್ಕ ಕೊಡುತ್ತೇನೆ. ಹೋಗುವುದು ಎರಡು ಮೀಟರ್, ಹಿಂತಿರುಗುವುದು ಎರಡು ಮೀಟರ್ ಎಂದು ಹಿಡಿದು, ಅರ್ಧ ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 5 ಆಂಪಿಯರ್ ಹರಿಸಿದರೆ ಸುಮಾರು 0.7 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಅದೇ 1.5ರ ತಂತಿಯಲ್ಲಿ ಕಳೆಯುವುದು 0.23 ವೋಲ್ಟ್ ಮಾತ್ರ. ಕಳೆದದ್ದೆಲ್ಲ ತಂತಿಯ ಬಿಸಿಯಾಗುತ್ತದೆ.

ಬ್ಲಾಕಿಗೆ ಕರೆಂಟು ಇಗ್ನಿಷನ್ ಕೀ ತಿರುಗಿಸಿದಾಗ ಮಾತ್ರ ಬರಬೇಕು. ಅದಕ್ಕೆ ರಿಲೇ, ಅಂದರೆ ಸಣ್ಣ ಕರೆಂಟಿನ ಸೂಚನೆಯಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ ಬೇಕು. ಸಾಮಾನ್ಯ ನಾಲ್ಕು ಕಾಲಿನ ರಿಲೇಯ ತಳದಲ್ಲಿ 30, 85, 86, 87 ಎಂದು ಅಚ್ಚು ಹಾಕಿರುತ್ತದೆ. ಮುಖ್ಯ ಫ್ಯೂಸಿನಿಂದ ಬಂದ ತಂತಿ 30ಕ್ಕೆ, 87ರಿಂದ ಬ್ಲಾಕಿಗೆ, 85 ಅರ್ಥಿಗೆ. 86ಕ್ಕೆ ಕೀ ತಿರುಗಿಸಿದಾಗ ಜೀವ ಬರುವ ಯಾವುದಾದರೂ ತಂತಿಯಿಂದ ಸೂಚನೆ ಕೊಡಬೇಕು. ರಿಲೇಯ ಕಾಯಿಲ್ ಎಳೆಯುವುದು ಒಂದು ಆಂಪಿಯರಿನ ಏಳನೆಯ ಒಂದು ಭಾಗದಷ್ಟು ಮಾತ್ರ. ಹಾಗಾಗಿ ಟೇಲ್ ಲೈಟಿನ ಅಥವಾ ನಂಬರ್ ಪ್ಲೇಟ್ ದೀಪದ ತಂತಿಗೆ ಅದು ಹೊರೆಯಾಗದು, ಮೇಲಾಗಿ ಆ ತಂತಿ ಸೀಟಿನ ಕೆಳಗೇ ಸಿಗುತ್ತದೆ. ಫ್ಯೂಯೆಲ್ ಪಂಪ್, ಎಬಿಎಸ್, ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್), ಸೆನ್ಸರುಗಳ ತಂತಿಗಳನ್ನು ಮಾತ್ರ ಯಾವ ಕಾರಣಕ್ಕೂ ಕೆದಕಬೇಡಿ. ನಡುರಸ್ತೆಯಲ್ಲಿ ಎಂಜಿನ್ ನಿಂತರೆ ಫಾಗ್ ಲ್ಯಾಂಪಿನ ಬೆಳಕಿನಲ್ಲಿ ಅದನ್ನು ನೋಡುತ್ತಾ ಕೂರಬೇಕಾದೀತು.

ಹಾರ್ನಿಗೆ ಪ್ರತ್ಯೇಕ ರಿಲೇ ಬೇಕು, ಏಕೆಂದರೆ ಹ್ಯಾಂಡಲಿನ ಗುಂಡಿಯ ಸಂಪರ್ಕಬಿಂದುಗಳು 10 ಆಂಪಿಯರನ್ನು ಹೆಚ್ಚು ಕಾಲ ತಡೆಯಲಾರವು. ಹಳೆಯ ಹಾರ್ನಿಗೆ ಬರುತ್ತಿದ್ದ ಎರಡೂ ತಂತಿಗಳನ್ನು ಈ ರಿಲೇಯ 85 ಮತ್ತು 86ಕ್ಕೆ ಸಿಕ್ಕಿಸಿದರೆ, ಗುಂಡಿ ಪ್ಲಸ್ ಕಡೆಗಿದೆಯೋ ಅರ್ಥ್ ಕಡೆಗಿದೆಯೋ ಎಂದು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರುವ ರಿಲೇಗೆ ಮಾತ್ರ ಈ ಸ್ವಾತಂತ್ರ್ಯವಿಲ್ಲ. ಅದರಲ್ಲಿ ಪ್ಲಸ್ ಎಲ್ಲಿ ಬರಬೇಕೆಂಬುದನ್ನು ರಿಲೇಯ ಮೈಮೇಲಿನ ಚಿತ್ರ ನೋಡಿಯೇ ಜೋಡಿಸಬೇಕು. ಟ್ರ್ಯಾಕರ್ ಕೀ ತೆಗೆದ ಮೇಲೂ ಎಚ್ಚರವಿರಬೇಕಾದದ್ದರಿಂದ ಅದೊಂದನ್ನು ಬ್ಲಾಕಿನ ಹೊರಗಿಟ್ಟು, ಬ್ಯಾಟರಿಯ ಬಳಿಯೇ 2 ಆಂಪಿಯರಿನ ಪ್ರತ್ಯೇಕ ಫ್ಯೂಸ್ ಹಾಕಿಸಿ. ಹೀಗೆ ಮಾಡಿದರೆ ಪ್ಲಸ್ ಬೋಲ್ಟಿನ ಮೇಲೆ ಮೂಲ ತಂತಿಯ ಜೊತೆಗೆ ಎರಡೇ ಲಗ್ಗುಗಳು ಉಳಿಯುತ್ತವೆ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ನಿಮ್ಮ ಬೈಕಿನ ಸ್ಟೇಟರಿಗೆ (ಎಂಜಿನ್ ತಿರುಗುವಾಗ ಕರೆಂಟು ಹುಟ್ಟಿಸುವ ಭಾಗಕ್ಕೆ) ಇಷ್ಟನ್ನು ಸಾಕುವ ಶಕ್ತಿ ಇದೆಯೇ? 2017ರ ಏಪ್ರಿಲಿನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಎಂಜಿನ್ ಚಾಲೂ ಇರುವಷ್ಟು ಹೊತ್ತೂ ಉರಿಯುತ್ತದೆ. ಹ್ಯಾಲೊಜೆನ್ ಆದರೆ ಅದೊಂದೇ 55 ವ್ಯಾಟಿನಷ್ಟಾಗಬಹುದು. 2020ರಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಹೆಚ್ಚಿನ ಬೈಕುಗಳಲ್ಲಿ ಇಂಧನದ ಪಂಪು, ಇಂಜೆಕ್ಟರುಗಳ ಖರ್ಚೂ ಸೇರಿಕೊಂಡಿದೆ. ಕಾಗದದ ಲೆಕ್ಕಕ್ಕಿಂತ ಮಲ್ಟಿಮೀಟರಿನ ಮಾತನ್ನು ನಂಬಿ. ಎಂಜಿನ್ ಚಾಲೂ ಮಾಡಿ, ಎಲ್ಲ ದೀಪಗಳನ್ನೂ ಹಾಕಿ, ಬ್ಯಾಟರಿಯ ಎರಡು ತುದಿಗಳಲ್ಲಿ ಅಳೆಯಿರಿ. ಸ್ವಲ್ಪ ಆಕ್ಸಿಲರೇಟರ್ ಕೊಟ್ಟಾಗ 13.8ರಿಂದ 14.4 ವೋಲ್ಟ್ ಬರುತ್ತಿದ್ದರೆ ಚಿಂತೆಯಿಲ್ಲ. ಘಾಟಿಯಲ್ಲಿ ಓಡುವ ವೇಗದಲ್ಲೂ 12.8ಕ್ಕಿಂತ ಕೆಳಗೇ ಉಳಿದರೆ, ನಿಮ್ಮ ಬ್ಯಾಟರಿ ತುಂಬುವುದಕ್ಕಿಂತ ಖಾಲಿಯಾಗುವುದೇ ಹೆಚ್ಚು ಎಂದು ತಿಳಿಯಿರಿ.

ಪ್ರಶ್ನೆ: ನನ್ನ ಬೈಕಿನಲ್ಲಿ ಫ್ಯೂಸ್ ಬ್ಲಾಕ್ ಇದೆ. ಫಾಗ್ ಲ್ಯಾಂಪಿನ 5 ಆಂಪಿಯರ್ ಫ್ಯೂಸ್ ವಾರಕ್ಕೊಮ್ಮೆಯಾದರೂ ಹೋಗುತ್ತದೆ, ಅದೂ ಹೆಚ್ಚಾಗಿ ಬೈಕನ್ನು ನಿಲ್ಲಿಸುವಾಗ ಅಥವಾ ತಿರುಗಿಸಿಕೊಳ್ಳುವಾಗ. 15 ಆಂಪಿಯರ್ ಹಾಕಿದರೆ ಹೋಗುವುದಿಲ್ಲ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಹಾಕಬಹುದೇ? (ಶಿವಮೊಗ್ಗದ ಓದುಗರು)

ಉತ್ತರ: ಹಾಕಬಾರದು. ಮೆಕ್ಯಾನಿಕ್ ಹೇಳಿದ್ದರಲ್ಲಿ ಸುಳ್ಳೇನಿಲ್ಲ, 15ರ ಫ್ಯೂಸ್ ಬೇಗ ಹೋಗದಿರಬಹುದು. ಅದರ ಬದಲು ತಂತಿ ಹೋಗುತ್ತದೆ. ರೋಗದ ಸುಳಿವು ನಿಮ್ಮ ಪತ್ರದಲ್ಲೇ ಇದೆ. ಹ್ಯಾಂಡಲ್ ಪೂರ್ತಿ ತಿರುಗಿದಾಗಲೇ ಫ್ಯೂಸ್ ಹೋಗುತ್ತಿದೆಯೆಂದರೆ, ಹ್ಯಾಂಡಲ್ ತಿರುಗುವ ಕತ್ತಿನ ಭಾಗದಲ್ಲಿ ತಂತಿ ಬಿಗಿಯಾಗಿ ಎಳೆದುಕೊಂಡು ಚಾಸಿಗೆ ಉಜ್ಜುತ್ತಿರುವ ಸಂಭವವೇ ಹೆಚ್ಚು.

ಹತ್ತಾರು ಫ್ಯೂಸುಗಳನ್ನು ಸುಡದೆ ಇದನ್ನು ಹುಡುಕುವ ಹಳೆಯ ಉಪಾಯವೊಂದಿದೆ. ಇಂಡಿಕೇಟರಿನ 21 ವ್ಯಾಟಿನ ಬಲ್ಬನ್ನು ಹೋಲ್ಡರಿನ ಸಮೇತ ತೆಗೆದುಕೊಂಡು ಅದಕ್ಕೆ ಎರಡು ತುಂಡು ತಂತಿ ಹಾಕಿ. ಹೋದ ಫ್ಯೂಸನ್ನು ಕಿತ್ತು ಅದರ ಎರಡು ಸೀಳುಗಳಿಗೆ ಈ ತಂತಿಗಳನ್ನು ಸಿಕ್ಕಿಸಿ, ಫಾಗ್ ಲ್ಯಾಂಪುಗಳ ಕನೆಕ್ಟರುಗಳನ್ನು ಕಳಚಿಟ್ಟು, ಸ್ವಿಚ್ ಹಾಕಿ. ತಂತಿ ಸರಿಯಾಗಿದ್ದರೆ ಬಲ್ಬ್ ಉರಿಯುವುದಿಲ್ಲ. ಈಗ ಹ್ಯಾಂಡಲನ್ನು ನಿಧಾನವಾಗಿ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ. ಆಮೇಲೆ ತಂತಿಯನ್ನು ಟ್ಯಾಂಕಿನ ಕೆಳಗಿನಿಂದ ಮುಂದಕ್ಕೆ ಗೇಣುಗೇಣಾಗಿ ಅಲುಗಿಸುತ್ತಾ ಬನ್ನಿ. ಎಲ್ಲಿ ಅಲುಗಿಸಿದಾಗ ಬಲ್ಬ್ ಫಕ್ಕನೆ ಹೊತ್ತಿಕೊಳ್ಳುತ್ತದೆಯೋ ಅಲ್ಲಿಯೇ ಗಾಯವಿದೆ. ಕರೆಂಟು ಬಲ್ಬಿನ ಮೂಲಕವೇ ಹಾಯಬೇಕಾದ್ದರಿಂದ ಎರಡು ಆಂಪಿಯರಿಗಿಂತ ಹೆಚ್ಚು ಹರಿಯುವುದಿಲ್ಲ. ಹುಡುಕುವಷ್ಟು ಹೊತ್ತು ಯಾವುದೂ ಸುಡುವುದಿಲ್ಲ.

ಗಾಯ ಸಿಕ್ಕ ಮೇಲೆ ಟೇಪು ಸುತ್ತಿ ಮುಗಿಸಬೇಡಿ. ಆ ತುಂಡನ್ನು ಬದಲಿಸಿ, ಜೋಡಣೆಯ ಮೇಲೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದಾಗ ಕುಗ್ಗಿ ಬಿಗಿಯುವ ಕೊಳವೆ) ಹಾಕಿಸಿ, ಹ್ಯಾಂಡಲ್ ಎರಡೂ ಕಡೆಗೆ ಪೂರ್ತಿ ತಿರುಗಿದರೂ ಬಿಗಿಯಾಗದಷ್ಟು ಸಡಿಲ ಬಿಟ್ಟು, ಬೈಕಿನ ಮೂಲ ವೈರಿಂಗ್ ಯಾವ ದಾರಿಯಲ್ಲಿ ಹೋಗಿದೆಯೋ ಅದೇ ದಾರಿಯಲ್ಲಿ ಕೊಂಡೊಯ್ಯಿಸಿ. ಆ ದಾರಿಯನ್ನು ಕಂಪನಿಯವರು ಯೋಚಿಸಿಯೇ ಹಾಕಿರುತ್ತಾರೆ.

ಪ್ರಶ್ನೆ: ಹತ್ತು ಹನ್ನೆರಡು ದಿನ ಊರಿಗೆ ಹೋಗಿ ಬಂದರೆ ಬೈಕ್ ಸೆಲ್ಫ್ ಆಗುವುದಿಲ್ಲ. ಬ್ಯಾಟರಿ ಹೊಸದು, 8 ಆಂಪಿಯರ್-ಅವರಿನದು. ಮೊಬೈಲ್ ಚಾರ್ಜರ್ ನೇರವಾಗಿ ಬ್ಯಾಟರಿಗೆ ಇದೆ, ಆದರೆ ಅದಕ್ಕೆ ಮೊಬೈಲ್ ಹಾಕಿರುವುದಿಲ್ಲ. ದೋಷ ಎಲ್ಲಿರಬಹುದು? (ಹುಬ್ಬಳ್ಳಿಯ ಓದುಗರು)

ಉತ್ತರ: ಮೊಬೈಲ್ ಹಾಕದಿದ್ದರೂ ಚಾರ್ಜರಿನ ಒಳಗಿನ ಸರ್ಕೀಟ್ ಮತ್ತು ಅದರ ನೀಲಿ ದೀಪ ಸದಾ ಅಷ್ಟಿಷ್ಟು ಕುಡಿಯುತ್ತಿರುತ್ತವೆ. ಅದು 20 ಮಿಲಿಆಂಪಿಯರ್ ಎಂದಿಟ್ಟುಕೊಂಡರೂ ದಿನಕ್ಕೆ 0.48 ಆಂಪಿಯರ್-ಅವರ್ ಆಯಿತು. ಎಂಟು ದಿನ ಕಳೆಯುವಷ್ಟರಲ್ಲಿ ನಿಮ್ಮ ಬ್ಯಾಟರಿಯ ಹೆಚ್ಚುಕಡಿಮೆ ಅರ್ಧ ಖಾಲಿ. ಅರ್ಧ ಖಾಲಿಯಾದ ಸಣ್ಣ ಬ್ಯಾಟರಿಗೆ ಸ್ಟಾರ್ಟರ್ ಮೋಟಾರನ್ನು ತಿರುಗಿಸುವ ತ್ರಾಣ ಉಳಿಯುವುದು ಕಷ್ಟ. ನಿಮ್ಮ ಚಾರ್ಜರ್ ನಿಜಕ್ಕೂ ಎಷ್ಟು ಕುಡಿಯುತ್ತಿದೆ ಎಂದು ನೋಡಲು, ಕೀ ತೆಗೆದು, ಬ್ಯಾಟರಿಯ ಮೈನಸ್ ತಂತಿಯನ್ನು ಕಳಚಿ, ಬ್ಯಾಟರಿಗೂ ಆ ತಂತಿಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರಿನ ಅಳತೆಯಲ್ಲಿಟ್ಟು ಸೇರಿಸಿ. ಓದು ಎಷ್ಟೆಂದು ಬರೆದಿಟ್ಟುಕೊಂಡು ಚಾರ್ಜರನ್ನು ಕಳಚಿ. ಎಷ್ಟು ಇಳಿಯಿತೋ ಅಷ್ಟು ಅದರ ಪಾಲು. ಮೀಟರ್ ಸಿಕ್ಕಿಸಿದ್ದಾಗ ಮರೆತೂ ಕೀ ತಿರುಗಿಸಬೇಡಿ, ಸೆಲ್ಫ್ ಒತ್ತಬೇಡಿ. ಮೀಟರಿನೊಳಗಿನ ಫ್ಯೂಸ್ ಹೋಗುತ್ತದೆ, ಅದು ಬ್ಲೇಡ್ ಫ್ಯೂಸಿನಷ್ಟು ಅಗ್ಗವಲ್ಲ. ಪರಿಹಾರ ಮೊದಲ ಉತ್ತರದಲ್ಲಿ ಹೇಳಿದ್ದೇ: ಚಾರ್ಜರಿಗೆ ಕರೆಂಟು ರಿಲೇಯ ಮೂಲಕವೇ ಬರುವಂತೆ ಮಾಡಿ.

ಪ್ರಶ್ನೆ: ಹೊಸ ಬೈಕಿಗೆ ಹೀಗೆಲ್ಲ ಮಾಡಿಸಿದರೆ ವಾರಂಟಿ ಹೋಗುತ್ತದೆಯೇ? ಪೊಲೀಸರು ದಂಡ ಹಾಕುತ್ತಾರೆಯೇ? (ಮಂಗಳೂರಿನ ಓದುಗರು)

ಉತ್ತರ: ವಾರಂಟಿಯ ಷರತ್ತುಗಳು ಕಂಪನಿಯಿಂದ ಕಂಪನಿಗೆ ಬೇರೆ, ಪುಸ್ತಿಕೆಯನ್ನು ಓದಿ, ಷೋರೂಮಿನಲ್ಲಿ ಬರಹದ ಮೂಲಕ ಕೇಳಿ. ಮೂಲ ತಂತಿಯನ್ನು ಕತ್ತರಿಸದೆ, ಕನೆಕ್ಟರಿಗೆ ಕನೆಕ್ಟರ್ ಸೇರಿಸುವ ಜೋಡಣೆಯಾದರೆ ಸರ್ವಿಸಿಗೆ ಬಿಡುವ ಮುನ್ನ ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಬಿಚ್ಚಿಡಬಹುದು. ವಾಹನದ ಮಾರ್ಪಾಟಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಅನ್ವಯಿಸುತ್ತದೆ. ಕಾನೂನು ಹಾಗಿರಲಿ, ಎದುರಿನಿಂದ ಬರುವವರ ಕಣ್ಣಿಗೆ ಕುಕ್ಕುವಂತೆ ಲ್ಯಾಂಪನ್ನು ಮೇಲಕ್ಕೆತ್ತಿ ಕಟ್ಟಿದ್ದರೆ ದಂಡ ಬಿದ್ದಾಗ ನನ್ನ ಸಹಾನುಭೂತಿಯನ್ನು ನಿರೀಕ್ಷಿಸಬೇಡಿ. ಮಂಜಿನಲ್ಲಿ ಉಪಯೋಗಕ್ಕೆ ಬರುವುದು ಕೆಳಕ್ಕೆ ಕಟ್ಟಿ, ನೆಲದ ಕಡೆಗೆ ಬಾಗಿಸಿದ ಲ್ಯಾಂಪೇ. ಮೇಲಕ್ಕೆತ್ತಿದ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಮರಳುತ್ತದೆ.