ನಾಲ್ಕು ವರ್ಷದ ಮಗಳನ್ನು ಆಟದ ತರಗತಿಗೆ ಸೇರಿಸಬೇಕೆ?

ಪ್ರಶ್ನೆ: ನಾವು ಹುಬ್ಬಳ್ಳಿಯಲ್ಲಿ ಮೂರನೆಯ ಮಹಡಿಯಲ್ಲಿದ್ದೇವೆ. ನಾಲ್ಕು ವರ್ಷದ ಮಗಳು ಶಾಲೆಯಿಂದ ಬಂದವಳು ಮೊಬೈಲ್ ಹಿಡಿದರೆ ಏಳುವುದಿಲ್ಲ. ಓಡಿದರೆ ಬೀಳುತ್ತಾಳೆಂದು ಅತ್ತೆಯವರು ಕೆಳಗೆ ಬಿಡುವುದಿಲ್ಲ. ಸ್ಕೇಟಿಂಗ್ ಅಥವಾ ಕರಾಟೆಗೆ ಸೇರಿಸಬೇಕೆ?
– ಒಬ್ಬ ತಾಯಿ, ಹುಬ್ಬಳ್ಳಿ

ಉತ್ತರ: ತರಗತಿಯ ಅವಸರ ಬೇಡ. ವಾರಕ್ಕೆರಡು ದಿನ ಒಂದೊಂದು ಗಂಟೆ ಕಲಿತು ಉಳಿದ ದಿನಗಳಲ್ಲಿ ಕುಳಿತೇ ಇದ್ದರೆ ಈ ವಯಸ್ಸಿನ ಮಗುವಿಗೆ ಅದು ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಮೂರು-ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಚಟುವಟಿಕೆಯಿಂದಿರಬೇಕು. ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಂಥ ಆಟವಿರಬೇಕು. ಕುಳಿತು ಪರದೆ ನೋಡುವುದು ಒಂದು ಗಂಟೆ ಮೀರಬಾರದು. ಮೂರು ಗಂಟೆ ಎಂದು ಗಾಬರಿಯಾಗಬೇಡಿ, ಏಕೆಂದರೆ ಅದನ್ನು ಒಂದೇ ಸಲ ಮುಗಿಸಬೇಕಿಲ್ಲ: ಮೆಟ್ಟಿಲು ಹತ್ತಿಳಿಯುವುದು, ನಿಮ್ಮ ಕೈ ಹಿಡಿದು ಸಂತೆಗೆ ನಡೆಯುವುದು, ಒಗೆದ ಬಟ್ಟೆಯನ್ನು ಒಂದೊಂದಾಗಿ ನಿಮಗೆ ತಂದುಕೊಡುವುದು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ನಿಮ್ಮ ಅತ್ತೆಯವರ ಭಯವನ್ನು ಮಾತ್ರ ಹಗುರವಾಗಿ ಕಾಣಬೇಡಿ. ಮಹಡಿಯ ಮನೆ, ವಾಹನಗಳ ರಸ್ತೆ ಎರಡೂ ನಿಜವಾದ ಅಪಾಯಗಳೇ. ಆದರೆ ಓಡುವುದನ್ನು, ಜಿಗಿಯುವುದನ್ನು, ಒಂಟಿಕಾಲಲ್ಲಿ ನಿಲ್ಲುವುದನ್ನು ಮಗು ಕಲಿಯುವುದು ಮತ್ತೆ ಮತ್ತೆ ಮಾಡಿಯೇ, ನಡುವೆ ಒಂದೆರಡು ಸಲ ಬಿದ್ದೇ. ಆದ್ದರಿಂದ ನೀವು ಆರಿಸಬೇಕಾದದ್ದು ಎಲ್ಲಿ ಬಿದ್ದರೆ ಪೆಟ್ಟು ಕಡಿಮೆ ಎಂಬುದನ್ನು. ಸಿಮೆಂಟಿನ ಅಂಗಳಕ್ಕಿಂತ ಮಣ್ಣು ಅಥವಾ ಹುಲ್ಲಿನ ನೆಲ ಒಳ್ಳೆಯದು. ಮನೆಯಲ್ಲಿ ಬಾಲ್ಕನಿ ಮತ್ತು ಕಿಟಕಿಗಳ ಬಳಿ ಹತ್ತಿ ನಿಲ್ಲಬಹುದಾದ ಕುರ್ಚಿ, ಸ್ಟೂಲು ಇಡಬೇಡಿ. ಸಂಜೆ ಬಿಸಿಲು ಇಳಿದ ಮೇಲೆ ಉಣಕಲ್ ಕೆರೆಯ ಉದ್ಯಾನಕ್ಕೋ ಹತ್ತಿರದ ಮೈದಾನಕ್ಕೋ ಅತ್ತೆಯವರನ್ನೂ ಕರೆದೊಯ್ಯಿರಿ. ಪಂಚಮಿಯ ಜೋಕಾಲಿಯನ್ನು ತಾವು ಎಷ್ಟು ಎತ್ತರಕ್ಕೆ ಜೀಕುತ್ತಿದ್ದರೆಂದು ಮೊಮ್ಮಗಳಿಗೆ ಹೇಳುವಂತೆ ಅವರನ್ನು ಕೇಳಿ. ಕುಂಟಾಟದ ಮನೆಗಳನ್ನು ನೆಲದ ಮೇಲೆ ಗೆರೆ ಎಳೆದು ಕಲಿಸಲು ಅಜ್ಜಿಗಿಂತ ಒಳ್ಳೆಯ ಗುರು ನಿಮಗೆ ಸಿಗಲಾರರು, ಮತ್ತು ಜೊತೆಗೆ ನಿಂತು ನೋಡಿದಾಗ ಅವರ ಭಯವೂ ಇಳಿಯುತ್ತದೆ ಎಂಬುದು ನನ್ನ ಅನುಭವ.

ಮೊಬೈಲನ್ನು ಕಸಿದುಕೊಂಡು ಸುಮ್ಮನೆ ಕೂರಿಸಿದರೆ ರಂಪವಾಗುತ್ತದೆ. ಶಾಲೆಯಿಂದ ಬಂದೊಡನೆ ತಿಂಡಿ ಕೊಟ್ಟು ಕೆಳಗೆ ಕರೆದೊಯ್ಯುವ ರೂಢಿ ಹಾಕಿ, ಆ ಹೊತ್ತು ನಿಮ್ಮ ಫೋನನ್ನೂ ಮನೆಯಲ್ಲೇ ಬಿಡಿ. ಚೆಂಡು ಎಸೆಯಿರಿ, ಮುಟ್ಟಾಟದಲ್ಲಿ ನೀವೂ ಓಡಿ. ಈ ವಯಸ್ಸಿಗೆ ತಾಯಿಯೇ ಮೊದಲ ಗೆಳತಿ.

ಕೆಲವು ವರ್ಷ ಕಳೆದು ಅವಳೇ ಆಸೆಪಟ್ಟು ಕೇಳಿದಾಗ ಕರಾಟೆಗೆ ಸೇರಿಸಬಹುದು. ಆದರೆ ಕುಂಟುತ್ತಿದ್ದರೆ, ಓರಗೆಯ ಮಕ್ಕಳಿಗಿಂತ ಬೇಗ ದಣಿದು ಕುಳಿತುಬಿಡುತ್ತಿದ್ದರೆ, ಅಥವಾ ಆಡುವಾಗ ತುಟಿ ನೀಲಿಗಟ್ಟಿದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ.