ಆ ಗುಲಾಬಿ ಬಣ್ಣ ಹೋಳಿಯದಲ್ಲ

ಅಕ್ಕಲಕೋಟ ತಾಲೂಕಿನ ನಿವೃತ್ತ ಮಾಸ್ತರರೊಬ್ಬರ ಪತ್ರ: "ಗಣಪತಿ ಹಬ್ಬದ ಸಂಚಿಕೆಯ ಮುಖಪುಟಕ್ಕೆ ಕಿಲ್ಲಾರಿ ಭೂಕಂಪದ ತೈಲಚಿತ್ರ ಹಾಕಿದ್ದೀರಿ. ಹಬ್ಬದ ಮನೆಯಲ್ಲಿ ಇಡುವಂಥ ಚಿತ್ರವೇ ಅದು? ಬರೀ ಕಲ್ಲಿನ ರಾಶಿ. ಒಬ್ಬ ಮನುಷ್ಯನೂ ಇಲ್ಲ. ಕಂಬಕ್ಕೆ ಹೋಳಿ ಆಡಿದ ಹಾಗೆ ಗುಲಾಬಿ ಬಣ್ಣ ಬೇರೆ. ಆಗಿನ ಫೋಟೋಗಳು ಬೇಕಾದಷ್ಟಿವೆ, ಒಂದನ್ನು ಹಾಕಿದ್ದರೆ ಸಾಕಿತ್ತಲ್ವಾ? ಆ ವಾರ ನಾವೂ ಅಂಗಳದಲ್ಲೇ ಮಲಗಿದವರು."

ಮಾಸ್ತರರೆ, ನಮಸ್ಕಾರ.

ನಿಮ್ಮ ಸಿಟ್ಟಿನಲ್ಲಿ ಅರ್ಧ ಪಾಲು ನಮಗೆ ಸಲ್ಲಬೇಕಾದದ್ದೇ. ‘ಕಿಲ್ಲಾರಿ’ ಎಂಬ ಒಂದು ಶಬ್ದ ಬಿಟ್ಟರೆ ಆ ಚಿತ್ರದ ಬಗ್ಗೆ ಒಳಗೆಲ್ಲೂ ಒಂದು ಸಾಲು ಹಾಕಲಿಲ್ಲ. ಪುಟ ಕಟ್ಟುವ ಗಡಿಬಿಡಿಯಲ್ಲಿ ಬಿಟ್ಟುಹೋಯಿತು. ಅಚ್ಚಿನಲ್ಲಿ ಕೆಂಪು ಜಾಸ್ತಿ ಬಿದ್ದದ್ದೂ ನಿಜ. ಮೂಲ ಚಿತ್ರದಲ್ಲಿ ಆ ಗುಲಾಬಿ ಅಷ್ಟು ಕಣ್ಣಿಗೆ ಹೊಡೆಯುವುದಿಲ್ಲ.

ಆದರೆ ಅದು ಹೋಳಿಯದಲ್ಲ, ಗಣಪತಿ ಕಳಿಸುವಾಗ ಎರಚುವ ಗುಲಾಲು. ಕಿಲ್ಲಾರಿಯಲ್ಲಿ ನೆಲ ನಡುಗಿದ್ದು 1993ರ ಸೆಪ್ಟೆಂಬರ್ 30ರಂದು, ನಸುಕಿನ ನಾಲ್ಕಕ್ಕೆ ಇನ್ನೂ ನಾಲ್ಕು ನಿಮಿಷವಿತ್ತು. ಊರವರು ಗಣಪತಿ ಕಳಿಸಿ ಬಂದು ಮಲಗಿ ಹೆಚ್ಚು ಹೊತ್ತಾಗಿರಲಿಲ್ಲ. ಚಿತ್ರ ಬರೆದವರು ಉಮರ್ಗಾ ಕಡೆಯ ಡ್ರಾಯಿಂಗ್ ಮಾಸ್ತರರು. ಹೆಸರು ಹಾಕಬೇಡಿ ಅಂದಿದ್ದಾರೆ. ಆಗ ಅವರು ಕಾಲೇಜು ಹುಡುಗ. ಮೂರನೇ ದಿನ ರೊಟ್ಟಿ ಗಂಟು ಹೊತ್ತ ಟೆಂಪೋದಲ್ಲಿ ಹೋದಾಗ, ಬಿದ್ದ ಮನೆಯೊಂದರ ನಡುವೆ ನಿಂತಿದ್ದ ಕಂಬದ ಮೇಲೆ ಆ ಗುರುತು ಕಂಡರಂತೆ. ಎದೆಮಟ್ಟದಲ್ಲಿ ನಾಲ್ಕು ಬೆರಳು. ಯಾರೋ ಒಳಗೆ ಬರುವಾಗ ಕೈ ಒರೆಸಿದ್ದಾರೆ. ಮುಖಪುಟ ಇನ್ನೂ ಮನೆಯಲ್ಲಿದ್ದರೆ ಕನ್ನಡಕ ಹಾಕಿಕೊಂಡು ಒಮ್ಮೆ ನೋಡಿ, ಬೆರಳು ಎಣಿಸಬಹುದು.

ಬರೀ ಕಲ್ಲಿನ ರಾಶಿ ಅಂದಿರಿ. ಆ ಚಿತ್ರದ ವಿಷಯವೇ ಕಲ್ಲು. ರಿಕ್ಟರ್ ಲೆಕ್ಕದಲ್ಲಿ ಆ ಭೂಕಂಪ ಆರರ ಮೇಲೆ ಸ್ವಲ್ಪ. ಜಗತ್ತಿನಲ್ಲಿ ಅದಕ್ಕಿಂತ ದೊಡ್ಡವು ವರ್ಷವರ್ಷವೂ ಆಗುತ್ತವೆ. ಆದರೂ ಮಹಾರಾಷ್ಟ್ರದ ಲಾತೂರು, ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಗಳಲ್ಲಿ ಸತ್ತವರು ಸರಕಾರದ ಲೆಕ್ಕದಲ್ಲೇ ಎಂಟು ಸಾವಿರದ ಆಸುಪಾಸು. ಯಾಕೆ ಅನ್ನುವುದು ನಮ್ಮ ನಿಮ್ಮ ಮನೆ ನೋಡಿದರೆ ತಿಳಿಯುತ್ತದೆ. ಎರಡು, ಎರಡೂವರೆ ಅಡಿ ದಪ್ಪದ ಗೋಡೆ. ಹೊರಗೊಂದು ಸಾಲು ಕರಿಕಲ್ಲು, ಒಳಗೊಂದು ಸಾಲು, ನಡುವೆ ಚೂರುಕಲ್ಲು ಮತ್ತು ಮಣ್ಣು. ಎರಡೂ ಸಾಲನ್ನು ಹಿಡಿದುಕೊಳ್ಳುವ ಉದ್ದ ಕಲ್ಲು ಎಲ್ಲೂ ಇಲ್ಲ. ಮೇಲೆ ಮಣ್ಣಿನ ಮಾಳಿಗೆ. ಸೋರುತ್ತದೆ ಅಂತ ಮಳೆಗಾಲಕ್ಕೆ ಮುಂಚೆ ಇನ್ನೊಂದಿಷ್ಟು ಮಣ್ಣು ಹಾಕುತ್ತಾ ಬಂದು, ಅಜ್ಜನ ಕಾಲದ ಮಾಳಿಗೆ ಮೊಮ್ಮಗನ ಹೊತ್ತಿಗೆ ಒಂದಡಿ ದಪ್ಪ ಹೆಚ್ಚಾಗಿರುತ್ತದೆ. ನೆಲ ಅಲುಗಿದಾಗ ಗೋಡೆ ಜೋಳದ ಚೀಲ ಹರಿದ ಹಾಗೆ ನಡುವೆ ಬಾಯಿ ಬಿಟ್ಟಿತು. ಕಂಬ, ತೊಲೆ ಇದ್ದ ಎಷ್ಟೋ ಮನೆಗಳಲ್ಲಿ ಕಟ್ಟಿಗೆ ನಿಂತೇ ಇತ್ತು, ಸುತ್ತಲ ಗೋಡೆಯಷ್ಟೇ ಬಿತ್ತು. ಚಿತ್ರದಲ್ಲಿ ಎರಡು ಕಂಬ ನೆಟ್ಟಗೆ ನಿಂತಿರುವುದು ಸುಮ್ನೆ ಅಂದಕ್ಕೆ ಅಲ್ಲ.

ಇನ್ನು ಎಣ್ಣೆಬಣ್ಣ ಯಾಕೆ, ಫೋಟೋ ಸಾಲದೇ ಎಂಬ ಮಾತು. ಇದನ್ನು ನಾನೂ ಚಿತ್ರ ಬರೆದವರಿಗೆ ಕೇಳಿದ್ದೆ. ಈ ಬಣ್ಣ ಕಲಸುವುದು ಅಗಸೆ ಎಣ್ಣೆಯಲ್ಲಿ. ಹೌದು, ನಾವು ರೊಟ್ಟಿ ಜೊತೆ ಹಿಂಡಿ ಮಾಡಿ ತಿನ್ನುತ್ತೇವಲ್ಲ, ಅದೇ ಅಗಸೆ. ಅದು ನೀರಿನ ಹಾಗೆ ಆರಿಹೋಗುವುದಿಲ್ಲ. ಗಾಳಿ ಕುಡಿದು ನಿಧಾನ ಗಟ್ಟಿಯಾಗುತ್ತದೆ. ದಪ್ಪಗೆ ಮೆತ್ತಿದರೆ ತಿಂಗಳುಗಟ್ಟಲೆ ಒಳಗೆ ಹಸಿ. ಅವರು ಮೊದಲು ಕ್ಯಾನ್ವಾಸಿನ ಮೇಲೆ ಇಡೀ ಮನೆ ಕಟ್ಟಿದರಂತೆ. ಗೋಡೆ, ಗೂಡು, ಬಾಗಿಲು, ಒಂದೊಂದೇ ಕಲ್ಲು, ಗೌಂಡಿ ಕಟ್ಟಿದ ಹಾಗೆ. ಆಮೇಲೆ ಬಣ್ಣ ಹಸಿ ಇರುವಾಗಲೇ ಚಾಕುವಿನಿಂದ ಕೆರೆದು ಬೀಳಿಸಿದರಂತೆ. ಎಡಗಡೆ ಕಲ್ಲುಗಳ ಕೆಳಗೆ ಒಂದು ನೀಲಿ ಗೆರೆ ಇಣುಕುತ್ತದೆ, ಅದು ಆ ಬಾಗಿಲಿನದು. ಈ ಕೆಲಸ ಕ್ಯಾಮರಾದಿಂದ ಆಗುವುದಲ್ಲ ನೋಡಿ.

ಮನುಷ್ಯರನ್ನು ಯಾಕೆ ಬರೆಯಲಿಲ್ಲ ಅಂದರೆ ಅವರು ಕೊಟ್ಟ ಉತ್ತರ: "ಯಾರ ಮುಖ ಬರೆದರೂ ಅವರ ಮನಿಯವರು ನಾಳೆ ಸಂತ್ಯಾಗ ಭೆಟ್ಟಿ ಆಗತಾರ್ರೀ." ನನಗೆ ಮುಂದೆ ಕೇಳಲು ಬಾಯಿ ಬರಲಿಲ್ಲ.

ಇದು ಹೊಸ ದಾರಿಯೂ ಅಲ್ಲ. 1876ರಲ್ಲಿ ಫ್ರಾನ್ಸಿನ ಸೀನ್ ನದಿ ಉಕ್ಕಿ ಪೋರ್ಟ್-ಮಾರ್ಲಿ ಎಂಬ ಊರೊಳಗೆ ನುಗ್ಗಿದಾಗ ಆಲ್ಫ್ರೆಡ್ ಸಿಸ್ಲೆ ಅದನ್ನು ಎಣ್ಣೆಬಣ್ಣದಲ್ಲಿ ಮತ್ತೆ ಮತ್ತೆ ಬರೆದರು. ನೀರಲ್ಲಿ ನಿಂತ ಒಂದು ಅಂಗಡಿ, ದೋಣಿ, ಮೋಡ. ಜನ ಇದ್ದರೂ ಬೆರಳುದ್ದ. ಅಳುವವರು ಯಾರೂ ಇಲ್ಲ.

ಹಬ್ಬದ ಸಂಚಿಕೆಗೆ ಬೇಡವಿತ್ತು ಅನ್ನುವ ನಿಮ್ಮ ಮಾತನ್ನು ಮಾತ್ರ ಒಪ್ಪಲಾರೆ. ಆ ಕಡೆಯ ಎಷ್ಟೋ ಮನೆಗಳಲ್ಲಿ ಗಣಪತಿ ಕಳಿಸುವ ದಿನವೇ ಅದು ನೆನಪಾಗುವುದು. ಪೂರ್ತಿ ಜಾಗ ಬದಲಿಸಿ ಹೊಸದಾಗಿ ಕಟ್ಟಿದ ಊರುಗಳೇ 52. ಅಲ್ಲಿಯೂ ನಮ್ಮ ಪತ್ರಿಕೆ ಓದುವವರಿದ್ದಾರೆ.

ಮುಂದಿನ ಸಂಚಿಕೆಯಲ್ಲಿ ಚಿತ್ರವನ್ನು ಸರಿಯಾದ ಬಣ್ಣದಲ್ಲಿ ಒಳಪುಟದಲ್ಲಿ ಮತ್ತೆ ಹಾಕುತ್ತೇವೆ. ಅದರ ಎದುರಿನ ಪುಟ ಖಾಲಿ ಇದೆ. ಅಂಗಳದಲ್ಲಿ ಮಲಗಿದ ಆ ವಾರವನ್ನು ನೀವು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಹಾಸಿಗೆ ಎಲ್ಲಿ ಹಾಕಿದ್ದಿರಿ, ಮನೆಯೊಳಗೆ ಮೊದಲು ಯಾರು ಹೋದರು, ಮಾಳಿಗೆ ಮಣ್ಣು ಇಳಿಸಿದಿರೋ ಇಲ್ಲವೋ, ಅದನ್ನೆಲ್ಲ ಬರೆದು ಇಪ್ಪತ್ತನೇ ತಾರೀಕಿನೊಳಗೆ ಕಳಿಸಿರಿ.

— ಸಂಪಾದಕ